ಮನೆಯಲ್ಲಿ ಚಿತ್ರಸಂಕಲನ

ಸರಿದುಹೋಗುವ ಕ್ಷಣವನ್ನು ಹಿಡಿದಿಡಬೇಕೆಂಬ ಹಂಬಲ ಮಾನವನಿಗೆ ಹೊಸದೇನೂ ಅಲ್ಲ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಿರುವ ದೃಶ್ಯ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿರುವ ದೃಶ್ಯ. ಮೇಲಿನ ಪಟ್ಟಿಕೆಯಲ್ಲಿ ಅವನು ದೇವಸನ್ನಿಧಿಯನ್ನು ಸೇರಿರುವ ದೃಶ್ಯ. ಒಬ್ಬನ ಇಡೀ ಬಾಳಿನ ಕಥೆಯನ್ನು ಮೂರೇ ದೃಶ್ಯಗಳಲ್ಲಿ ಆರಿಸಿ, ಒಂದರ ಮೇಲೊಂದನ್ನು ಜೋಡಿಸಿ, ನೋಡುವವರ ಮನಸ್ಸಿನಲ್ಲಿ ಅದನ್ನು ಮೂಡಿಸಿದ ಶಿಲ್ಪಿಯ ಕೆಲಸವೂ ಒಂದು ಬಗೆಯ ಸಂಕಲನವೇ. ಚಲಿಸುವ ಚಿತ್ರಗಳನ್ನು ಹಾಗೆ ಆರಿಸಿ ಜೋಡಿಸುವ ಕೆಲಸವನ್ನು ಇಂದು ಮನೆಯ ಮೂಲೆಯಲ್ಲಿ ಕುಳಿತು ಗಣಕಯಂತ್ರದ ನೆರವಿನಿಂದ ಮಾಡಬಹುದಾಗಿದೆ.

ಚಿತ್ರಗಳನ್ನು ಹಿಡಿದಿಟ್ಟ ಮಾತ್ರಕ್ಕೆ ಅವು ಉಳಿದುಬಿಡುತ್ತವೆಂದು ಭಾವಿಸುವಂತಿಲ್ಲ. ಲೂಮಿಯೇರ್ ಸೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ತಮ್ಮ ಚಲಚ್ಚಿತ್ರಗಳನ್ನು ತೋರಿಸಿದರು. ಅದಾದ 39 ವರ್ಷಗಳಲ್ಲಿ, ಎಂದರೆ 1934ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಯನ್ನು ಕಂಡಿತು. ಜನರು ಮುಗಿಬಿದ್ದು ನೋಡಿದ ಆ ಚಿತ್ರವನ್ನು ಇಂದು ನೋಡಬೇಕೆಂದರೆ ಅದರ ಪ್ರತಿಯೇ ದೊರೆಯುವುದಿಲ್ಲ. ಬೆಳ್ಳಿತೆರೆಯ ಮೇಲೆ ಕನ್ನಡವು ಮೊದಲ ಬಾರಿಗೆ ಹೇಗೆ ಮಾತನಾಡಿತೆಂಬುದನ್ನು ಕೇಳುವ ಭಾಗ್ಯ ಹೀಗೆ ತಪ್ಪಿಹೋಯಿತು. ಒಂದು ನಾಡಿನ ಚಿತ್ರಕ್ಕೆ ಒದಗಿದ ಈ ಗತಿ ಒಂದು ಮನೆಯ ಚಿತ್ರಕ್ಕೂ ಒದಗಬಹುದು.

ಮನೆಯ ಚಿತ್ರಗಳ ಇತಿಹಾಸ ಬಹಳ ಹಳೆಯದಲ್ಲ. 1976ರಲ್ಲಿ ಜಪಾನಿನ ಜೆವಿಸಿ ಸಂಸ್ಥೆಯು ವಿಎಚ್‌ಎಸ್ ಎಂಬ ವಿಡಿಯೋ ಟೇಪನ್ನು ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ 1980ರ ದಶಕದಿಂದ ಮದುವೆ, ಗೃಹಪ್ರವೇಶ, ನಾಮಕರಣಗಳನ್ನು ಇಂತಹ ಟೇಪುಗಳಲ್ಲಿ ದಾಖಲಿಸುವ ರೂಢಿ ಬೆಳೆಯಿತು. 1995ರಲ್ಲಿ ಅಂಗೈಯಷ್ಟೂ ದೊಡ್ಡದಲ್ಲದ ಡಿಜಿಟಲ್ ಟೇಪು ಬಂದಿತು. ಆಮೇಲೆ ಟೇಪೇ ಬೇಡವಾಗಿ, ದೃಶ್ಯಗಳು ಚಿಕ್ಕ ಬಿಲ್ಲೆಗಳಿಗೂ ಮೊಬೈಲ್ ಫೋನುಗಳಿಗೂ ಸೇರಿದವು. ಆದರೆ ಹಳೆಯ ಟೇಪುಗಳು ಅನೇಕ ಮನೆಗಳ ಕಪಾಟುಗಳಲ್ಲಿ ಇನ್ನೂ ಉಳಿದಿವೆ. ಟೇಪೆಂದರೆ ಕಾಂತಗುಣವುಳ್ಳ ಸೂಕ್ಷ್ಮ ಕಣಗಳನ್ನು ಅಂಟಿನಿಂದ ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ಕಾಲ ಕಳೆದಂತೆ ಆ ಅಂಟು ತೇವವನ್ನು ಹೀರಿ ಸಡಿಲಗೊಳ್ಳುತ್ತದೆ. ಮಲೆನಾಡು, ಕರಾವಳಿಗಳಂತಹ ಮಳೆ ಹೆಚ್ಚಾದ ಕಡೆಗಳಲ್ಲಿ ಟೇಪಿನ ಸುರುಳಿಗೆ ಬೂಷ್ಟು ಹಿಡಿಯುವುದೂ ಉಂಟು. ಟೇಪು ಚೆನ್ನಾಗಿದ್ದರೂ ಅದನ್ನು ನುಡಿಸುವ ಯಂತ್ರವೇ ದುರ್ಲಭವಾಗುತ್ತಿದೆ. ವಿಎಚ್‌ಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ಜಪಾನಿನ ಸಂಸ್ಥೆಯೊಂದು 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರಗಳು ದೊರೆಯುವ ಆಸೆಯೇ ಹೋಯಿತು. 2019ರಲ್ಲಿ ಯುನೆಸ್ಕೊದ ಆಶ್ರಯದಲ್ಲಿ ಕಾಂತೀಯ ಟೇಪುಗಳ ಕುರಿತು ಜಗತ್ತಿಗೇ ಎಚ್ಚರಿಕೆಯನ್ನು ನೀಡಲಾಯಿತು. ಆದುದರಿಂದ ಮನೆಯ ಸಂಕಲನವನ್ನು ಬಿಡುವಿನ ವೇಳೆಯ ವಿನೋದವೆಂದು ಮಾತ್ರ ಎಣಿಸಲಾಗದು. ಅದು ಉಳಿಸಿಕೊಳ್ಳುವ ಕೆಲಸವೂ ಹೌದು.

ಈ ಕೆಲಸಕ್ಕೆ ತೊಡಗುವವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, ‘ಯಾವ ಗಣಕಯಂತ್ರವನ್ನು ಕೊಳ್ಳಬೇಕು?’ ಎಂಬುದು. ಹೊರೆಯ ತೂಕವನ್ನು ತಿಳಿಯದೆ ಎತ್ತನ್ನು ಕೊಳ್ಳಲು ಜಾತ್ರೆಗೆ ಹೊರಟಂತೆ ಇದು. ಎತ್ತು ಹೇಗಿರಬೇಕೆಂಬುದನ್ನು ಗಾಡಿಯೂ ಹೊರೆಯೂ ದಾರಿಯೂ ನಿರ್ಧರಿಸುತ್ತವೆ. ಹಾಗೆಯೇ ಗಣಕಯಂತ್ರವು ಹೇಗಿರಬೇಕೆಂಬುದನ್ನು ಕೈಯಲ್ಲಿರುವ ದೃಶ್ಯಸಾಮಗ್ರಿಯು ನಿರ್ಧರಿಸಬೇಕು. ಆದಕಾರಣ ಮೊದಲು ಆ ಹೊರೆಯ ಸ್ವರೂಪವನ್ನು ಅರಿಯುವುದು ಲೇಸು.

ಚಲಿಸುವ ಚಿತ್ರವೆಂಬುದು ನಿಜವಾಗಿ ಚಲಿಸದ ಬಿಡಿಚಿತ್ರಗಳ ಸಾಲು. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಬಿಡಿಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಡಿಜಿಟಲ್ ಪದ್ಧತಿಯಲ್ಲಿ ಪ್ರತಿಯೊಂದು ಬಿಡಿಚಿತ್ರವೂ ಸಣ್ಣ ಸಣ್ಣ ಬಿಂದುಗಳಿಂದ ಕೂಡಿರುತ್ತದೆ. ಅಡ್ಡಲಾಗಿ 1,920, ಉದ್ದಕ್ಕೆ 1,080 ಬಿಂದುಗಳಿರುವ ಚಿತ್ರವೊಂದನ್ನು ತೆಗೆದುಕೊಂಡರೆ, ಅದರಲ್ಲಿರುವ ಒಟ್ಟು ಬಿಂದುಗಳು 20,73,600. ಪ್ರತಿಯೊಂದು ಬಿಂದುವಿನ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಬರೆದಿಡಲು ಬಣ್ಣಕ್ಕೊಂದರಂತೆ 3 ಬೈಟುಗಳು ಬೇಕು. ಹೀಗೆ ಒಂದು ಚಿತ್ರಕ್ಕೆ 62 ಲಕ್ಷಕ್ಕೂ ಹೆಚ್ಚು ಬೈಟುಗಳಾದವು. 25 ಚಿತ್ರಗಳ ಒಂದು ಸೆಕೆಂಡಿಗೆ ಸುಮಾರು 15 ಕೋಟಿ 55 ಲಕ್ಷ ಬೈಟುಗಳು, ಒಂದು ಗಂಟೆಗೆ ಸುಮಾರು 560 ಗಿಗಾಬೈಟುಗಳು. ಇದೆಲ್ಲವನ್ನೂ ಇದ್ದುದಿದ್ದಂತೆ ಬರೆದಿಡುವುದಾದರೆ ಒಂದು ಮದುವೆಯ ಕಲಾಪವನ್ನು ತುಂಬಲು ಸಾಮಾನ್ಯ ಗಣಕಯಂತ್ರದ ಉಗ್ರಾಣ ಸಾಲದೆ ಹೋಗಬಹುದು.

ಆದರೆ ಸೆಕೆಂಡಿಗೆ 2 ಮೆಗಾಬೈಟುಗಳಂತೆ ದಾಖಲಿಸುವ ಕ್ಯಾಮೆರಾ ಅಷ್ಟೇ ದೊಡ್ಡ ಚಿತ್ರದ ಒಂದು ಗಂಟೆಯನ್ನು ಸುಮಾರು 7 ಗಿಗಾಬೈಟುಗಳಲ್ಲಿ ಅಡಗಿಸಿಬಿಡುತ್ತದೆ. ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಸುವ ಈ ಚಮತ್ಕಾರವನ್ನು ತಿಳಿಯಲು ಅಂಗಡಿಯ ಲೆಕ್ಕದ ಪುಸ್ತಕವೊಂದನ್ನು ನೆನೆದರೆ ಸಾಕು. ಲೆಕ್ಕ ಬರೆಯುವವನು ಪುಟದ ಮೊದಲ ಸಾಲಿನಲ್ಲಿ ಗಿರಾಕಿಯ ಹೆಸರು, ಊರು, ಸರಕು ಎಲ್ಲವನ್ನೂ ಪೂರ್ಣವಾಗಿ ಬರೆಯುತ್ತಾನೆ. ಮುಂದಿನ ಸಾಲುಗಳಲ್ಲಿ ಬದಲಾಗದಿರುವ ಕಡೆಗಳಲ್ಲೆಲ್ಲ ‘ಸದರಿ’ ಎಂದು ಬರೆದು, ಬದಲಾದುದನ್ನು ಮಾತ್ರ ದಾಖಲಿಸುತ್ತಾನೆ. ಕ್ಯಾಮೆರಾ ಮಾಡುವುದೂ ಇದನ್ನೇ. ಅಂಗಳದಲ್ಲಿ ಮಗುವೊಂದು ಓಡುತ್ತಿರುವಾಗ ಹಿಂದಿನ ಗೋಡೆ, ತುಳಸಿಕಟ್ಟೆ, ಬಾಗಿಲುಗಳು ಕದಲುವುದಿಲ್ಲ. ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನ ಹಲವು ಚಿತ್ರಗಳಲ್ಲಿ ಮಗುವಿನ ಚಲನೆಯಿಂದಾದ ವ್ಯತ್ಯಾಸವನ್ನಷ್ಟೆ ಬರೆದರೆ ಸಾಕಾಗುತ್ತದೆ. 2003ರಲ್ಲಿ ಅಂಗೀಕೃತವಾದ ಎಚ್.264, 2013ರಲ್ಲಿ ಅಂಗೀಕೃತವಾದ ಎಚ್.265 ಎಂಬ ಸಂಕೋಚನ ಪದ್ಧತಿಗಳ ಒಳಗುಟ್ಟಿನ ಮುಖ್ಯ ಭಾಗ ಇದೇ.

ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಓದುತ್ತ ಬಂದವರಿಗೆ ‘ಸದರಿ’ ಎಂಬ ಮಾತು ತೊಡಕಾಗದು. ನಡುವಣ ಒಂದು ಸಾಲಿಗೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದರೆ ಮಾತ್ರ ಕಣ್ಣು ಮೇಲಕ್ಕೆ ಹೋಗಿ ಪೂರ್ಣ ಸಾಲನ್ನು ಹುಡುಕಬೇಕಾಗುತ್ತದೆ. ಸಂಕಲನಕಾರನು ಮಾಡುವುದು ಇಂತಹ ಪ್ರಶ್ನೆಯನ್ನೇ. ಅವನು ದೃಶ್ಯದ ನಡುವೆ ಎಲ್ಲಿಯೋ ಕತ್ತರಿಸುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಮುಂದಕ್ಕೆ ಹಾರುತ್ತಾನೆ. ಪ್ರತಿ ಬಾರಿಯೂ ಗಣಕಯಂತ್ರವು ಹಿಂದಿನ ಪೂರ್ಣ ಚಿತ್ರವನ್ನು ಹುಡುಕಿ, ಅಲ್ಲಿಂದ ವ್ಯತ್ಯಾಸಗಳನ್ನು ಕೂಡಿಸುತ್ತ ಬಂದು, ಬೇಕಾದ ಚಿತ್ರವನ್ನು ಕಟ್ಟಿಕೊಡಬೇಕು. ಇದರಿಂದ ವಿಚಿತ್ರವಾದ ಒಂದು ಸಂಗತಿ ಘಟಿಸುತ್ತದೆ. ಹಳೆಯ ಡಿಜಿಟಲ್ ಟೇಪಿನ ಒಂದು ಗಂಟೆಯ ದೃಶ್ಯವು ಸುಮಾರು 13 ಗಿಗಾಬೈಟುಗಳಷ್ಟಿದ್ದರೂ, ಅದರಲ್ಲಿ ಪ್ರತಿಯೊಂದು ಚಿತ್ರವೂ ಬೇರೆಯಾಗಿ ಪೂರ್ಣವಾಗಿ ಬರೆಯಲ್ಪಟ್ಟಿರುವುದರಿಂದ ಸಾಮಾನ್ಯ ಗಣಕಯಂತ್ರವೂ ಅದನ್ನು ಲೀಲಾಜಾಲವಾಗಿ ನಡೆಸುತ್ತದೆ. ಅದರ ಅರ್ಧದಷ್ಟು ಗಾತ್ರದ ಫೋನಿನ ದೃಶ್ಯವು ಅದೇ ಯಂತ್ರವನ್ನು ತಡವರಿಸುವಂತೆ ಮಾಡುತ್ತದೆ. ಗಾತ್ರ ಚಿಕ್ಕದಾದರೆ ಹೊರೆಯೂ ಹಗುರವೆಂಬ ಎಣಿಕೆ ಇಲ್ಲಿ ತಪ್ಪಾಗುತ್ತದೆ.

ಹೊರೆಯ ಸ್ವರೂಪ ತಿಳಿದ ಮೇಲೆ ಯಂತ್ರದ ಆಯ್ಕೆ ಸುಲಭವಾಗುತ್ತದೆ. ಗಣಕಯಂತ್ರವನ್ನು ಬರಹಗಾರನೊಬ್ಬನ ಕೋಣೆಗೆ ಹೋಲಿಸಬಹುದು. ಕೋಣೆಯಲ್ಲಿ ಪುಸ್ತಕಗಳ ಕಪಾಟಿದೆ. ಕೆಲಸಕ್ಕೆ ಬೇಕಾದ ಪುಸ್ತಕಗಳನ್ನು ಹರಡಿಕೊಳ್ಳಲು ಮೇಜಿದೆ. ಓದಿ ಬರೆಯುವ ಬರಹಗಾರನಿದ್ದಾನೆ. ಚಿತ್ರ ಬಿಡಿಸಲು ಅವನಿಗೊಬ್ಬ ಸಹಾಯಕನಿದ್ದಾನೆ. ಕಪಾಟೆಂದರೆ ಸಂಗ್ರಹದ ತಟ್ಟೆ, ಮೇಜೆಂದರೆ ತಾತ್ಕಾಲಿಕ ಸ್ಮೃತಿ, ಬರಹಗಾರನೆಂದರೆ ಪ್ರೊಸೆಸರ್, ಸಹಾಯಕನೆಂದರೆ ಗ್ರಾಫಿಕ್ಸ್ ಕಾರ್ಡು. ಬರಹಗಾರ ಎಷ್ಟೇ ಚುರುಕಾಗಿದ್ದರೂ ಮೇಜು ಕಿರಿದಾಗಿದ್ದರೆ ಅವನ ಹೊತ್ತೆಲ್ಲ ಪುಸ್ತಕಗಳನ್ನು ಕಪಾಟಿನಿಂದ ತರುವುದರಲ್ಲಿಯೂ ಹಿಂದಕ್ಕಿಡುವುದರಲ್ಲಿಯೂ ಕಳೆದುಹೋಗುತ್ತದೆ. ಒಂದು ಭಾಗ ಮಾತ್ರ ಬಲವಾಗಿದ್ದು ಉಳಿದವು ಸೊರಗಿದ್ದರೆ ಪ್ರಯೋಜನವಿಲ್ಲ.

1,920 ಬಿಂದುಗಳ ಅಗಲದ ಸಾಮಾನ್ಯ ದೃಶ್ಯಗಳ ಸಂಕಲನಕ್ಕೆ 16 ಗಿಗಾಬೈಟುಗಳ ತಾತ್ಕಾಲಿಕ ಸ್ಮೃತಿ ನೆಮ್ಮದಿಯನ್ನು ನೀಡುತ್ತದೆ. 3,840 ಬಿಂದುಗಳ ಅಗಲದ ಚಿತ್ರವು ಇದರ ನಾಲ್ಕರಷ್ಟು ಬಿಂದುಗಳನ್ನು ಹೊಂದಿರುವುದರಿಂದ, ಅದನ್ನು ನೇರವಾಗಿ ಸಂಕಲಿಸಲು 32 ಗಿಗಾಬೈಟುಗಳಿದ್ದರೆ ಒಳ್ಳೆಯದು. ಸಂಕೋಚನಗೊಂಡ ಚಿತ್ರವನ್ನು ಬಿಡಿಸಲೆಂದೇ ಪ್ರತ್ಯೇಕ ವ್ಯವಸ್ಥೆಯುಳ್ಳ ಪ್ರೊಸೆಸರುಗಳೂ ಗ್ರಾಫಿಕ್ಸ್ ಕಾರ್ಡುಗಳೂ ಇವೆ; ಕೈಯಲ್ಲಿರುವ ದೃಶ್ಯದ ಸಂಕೋಚನ ಪದ್ಧತಿಯನ್ನು ಯಂತ್ರವು ಬಿಡಿಸಬಲ್ಲುದೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಸಂಗ್ರಹದ ವಿಷಯದಲ್ಲಿ ಎರಡು ಬಗೆಗಳಿವೆ. ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರರಿಂದ ಇನ್ನೂರು ಮೆಗಾಬೈಟುಗಳಷ್ಟನ್ನು ಓದಬಲ್ಲುದು. ಅದರ ಬೆಲೆ ಕಡಿಮೆ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಐನೂರು ಮೆಗಾಬೈಟುಗಳನ್ನೂ ಅದಕ್ಕಿಂತ ಹೆಚ್ಚನ್ನೂ ಓದಬಲ್ಲುದು. ಅದರ ಬೆಲೆ ಹೆಚ್ಚು. ಕೆಲಸ ನಡೆಯುತ್ತಿರುವ ದೃಶ್ಯಗಳನ್ನು ಎಸ್‌ಎಸ್‌ಡಿಯಲ್ಲಿಯೂ ಕಾಪಿಡಬೇಕಾದ ಪ್ರತಿಗಳನ್ನು ಹಾರ್ಡ್ ಡಿಸ್ಕಿನಲ್ಲಿಯೂ ಇಡುವುದು ಜಾಣತನ. ವಿದ್ಯುತ್ತು ಆಗಾಗ ನಿಂತುಹೋಗುವ ಊರುಗಳಲ್ಲಿ ಮೇಜಿನ ಗಣಕಯಂತ್ರಕ್ಕೆ ಬ್ಯಾಟರಿಯ ಆಸರೆಯೂ ಅಗತ್ಯ. ಬರೆಯುತ್ತಿರುವಾಗಲೇ ಯಂತ್ರ ನಿಂತರೆ ಕಡತ ಕೆಡುವ ಸಂಭವವಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಮರೆಯಬಾರದು. ದೊಡ್ಡ ಯಂತ್ರವನ್ನು ಕೊಳ್ಳಲಾಗದವರು ಸಂಕಲನದ ಆಸೆಯನ್ನು ಬಿಡಬೇಕಾಗಿಲ್ಲ. ಅದಕ್ಕೊಂದು ಸುಲಭೋಪಾಯವಿದೆ. ಶ್ರೀರಾಮನು ಕಾಡಿನಲ್ಲಿದ್ದಾಗ ಭರತನು ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು ರಾಜ್ಯವನ್ನು ನಡೆಸಿದನು. ರಾಮನು ಹಿಂದಿರುಗಿದಾಗ ಪಾದುಕೆಗಳ ಸ್ಥಾನಕ್ಕೆ ರಾಮನೇ ಬಂದನು. ಮೂಲ ದೃಶ್ಯಗಳಿಗೂ ಇಂತಹ ಪ್ರತಿನಿಧಿಗಳನ್ನು ಸಿದ್ಧಪಡಿಸಬಹುದು. ಪ್ರಾಕ್ಸಿ ಎಂದು ಕರೆಯಲಾಗುವ ಈ ಪ್ರತಿಯಲ್ಲಿ ಚಿತ್ರದ ಅಳತೆ ಚಿಕ್ಕದು. ಪ್ರತಿಯೊಂದು ಬಿಡಿಚಿತ್ರವನ್ನೂ ಪೂರ್ಣವಾಗಿಯೇ ಬರೆದಿರುವುದರಿಂದ ಅದನ್ನು ಓದುವುದು ಸುಲಭ. ಕತ್ತರಿಸುವ, ಜೋಡಿಸುವ ಕೆಲಸವೆಲ್ಲ ಪ್ರತಿನಿಧಿಯ ಮೇಲೆಯೇ ನಡೆಯುತ್ತದೆ. ಕೊನೆಯ ಚಿತ್ರವನ್ನು ಹೊರತೆಗೆಯುವಾಗ ತಂತ್ರಾಂಶವು ಪ್ರತಿನಿಧಿಯನ್ನು ಸರಿಸಿ ಮೂಲ ದೃಶ್ಯವನ್ನೇ ಬಳಸಿಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಕೆಡಿಎನ್‌ಲೈವ್, ಶಾಟ್‌ಕಟ್‌ಗಳಂತಹ ತಂತ್ರಾಂಶಗಳಲ್ಲಿಯೂ ಈ ಅನುಕೂಲವಿದೆ. ಪ್ರಾಕ್ಸಿಗಳು ಸಿದ್ಧವಾಗಲು ಒಂದು ರಾತ್ರಿ ಕಾಯಬೇಕಾದೀತು. ಆದರೆ ಹಣವಿಲ್ಲದೆಡೆಯಲ್ಲಿ ತಾಳ್ಮೆಯೇ ಬಂಡವಾಳ.

ಯಂತ್ರವು ಸಿದ್ಧವಾದ ಕೂಡಲೇ ಸಂಕಲನಕ್ಕೆ ಕೈಹಾಕುವಂತಿಲ್ಲ. ಹೊಲವನ್ನು ಹಸನುಮಾಡಿದ ಮೇಲೆಯೇ ಬಿತ್ತನೆ. ಮೊದಲನೆಯದಾಗಿ ಟೇಪುಗಳನ್ನು ಗಮನಿಸಬೇಕು. ವಿಎಚ್‌ಎಸ್ ಕ್ಯಾಸೆಟ್ಟಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಚಿಕ್ಕ ಎಸಳಿರುತ್ತದೆ. ಅದನ್ನು ಮುರಿದುಬಿಟ್ಟರೆ ಯಾರೂ ಕೈತಪ್ಪಿನಿಂದ ಅದರ ಮೇಲೆ ಮತ್ತೇನನ್ನೂ ದಾಖಲಿಸಲಾರರು. ಬೂಷ್ಟು ಹಿಡಿದ ಟೇಪನ್ನು ಯಂತ್ರದೊಳಗೆ ಹಾಕಲೇಬಾರದು. ಅದು ತಾನೂ ಹರಿದು, ಯಂತ್ರವನ್ನೂ ಕೆಡಿಸಿ, ಮುಂದೆ ಬರುವ ಟೇಪುಗಳಿಗೂ ಹಾನಿಯನ್ನುಂಟುಮಾಡುತ್ತದೆ. ಅಂತಹುದನ್ನು ಅನುಭವಿಗಳ ಕೈಗೆ ಒಪ್ಪಿಸುವುದು ಮೇಲು. ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೂ ಓಡಿಸಿ, ಮತ್ತೆ ಮೊದಲಿಗೆ ಸುತ್ತಿ, ಆಮೇಲೆ ನುಡಿಸಬೇಕು. ಮೂರು ಗಂಟೆಯ ಟೇಪಿನಲ್ಲಿರುವುದೆಲ್ಲವೂ ಗಣಕಯಂತ್ರಕ್ಕೆ ಇಳಿಯಲು ಮೂರು ಗಂಟೆಗಳೇ ಬೇಕು. ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ಹೀಗೆ ಇಳಿಸಿದ ಚಿತ್ರದಲ್ಲಿ ಚಲನೆಯಿರುವೆಡೆ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಕಾಣಿಸಿಕೊಳ್ಳುತ್ತವೆ. ಹಳೆಯ ದೂರದರ್ಶನ ಪದ್ಧತಿಯಲ್ಲಿ ಚಿತ್ರದ 576 ಸಾಲುಗಳನ್ನು ಬೆಸ ಸಾಲುಗಳು, ಸರಿ ಸಾಲುಗಳು ಎಂದು ಎರಡು ಕಂತುಗಳಲ್ಲಿ, ಸೆಕೆಂಡಿಗೆ 50 ಕಂತುಗಳಂತೆ, ತೋರಿಸಲಾಗುತ್ತಿತ್ತು. ಎರಡು ಕಂತುಗಳ ನಡುವಣ ಅಲ್ಪಕಾಲದಲ್ಲಿ ಓಡುವ ಮಗು ಮುಂದೆ ಸರಿದಿರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿದಾಗ ಅಂಚು ಹಲ್ಲುಹಲ್ಲಾಗುತ್ತದೆ. ತಂತ್ರಾಂಶದಿಂದ ಇದನ್ನು ಸರಿಪಡಿಸಬಹುದು. ಆದರೆ ಕೆಲಸದ ಪ್ರತಿಯಲ್ಲಿ ಮಾತ್ರ, ಮೊದಲು ಇಳಿಸಿದ ಪ್ರತಿಯಲ್ಲಿ ಅಲ್ಲ. ಫೋನಿನ ದೃಶ್ಯಗಳ ತೊಡಕು ಬೇರೆ ಬಗೆಯದು. ಬೆಳಕು ಕುಂದಿದಾಗ ಅನೇಕ ಫೋನುಗಳು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾವಾಗಿಯೇ ಇಳಿಸುತ್ತವೆ. ಸಂಖ್ಯೆಯು ಸಮವಾಗಿದೆಯೆಂದು ನಂಬಿ ನಡೆಯುವ ತಂತ್ರಾಂಶದಲ್ಲಿ ಧ್ವನಿಯೂ ಚಿತ್ರವೂ ಮೆಲ್ಲಮೆಲ್ಲನೆ ಬೇರ್ಪಟ್ಟು, ಮಾತು ಮುಗಿದ ಮೇಲೆ ತುಟಿ ಅಲುಗುವಂತಾಗುತ್ತದೆ. ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಿಂದ ಸಮಗತಿಯ ಪ್ರತಿಯನ್ನು ಮೊದಲೇ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಮುಂದಿನ ಹೆಜ್ಜೆ ಪ್ರತಿಮಾಡುವಿಕೆ. ಕ್ಯಾಮೆರಾದ ಬಿಲ್ಲೆಯಲ್ಲಿರುವುದೆಲ್ಲವೂ ಎರಡು ಬೇರೆ ಬೇರೆ ಸಂಗ್ರಹಗಳಿಗೆ ಸೇರಿ, ಅವು ಸರಿಯಾಗಿ ತೆರೆಯುತ್ತವೆಂದು ಖಚಿತವಾಗುವವರೆಗೆ ಬಿಲ್ಲೆಯನ್ನು ಅಳಿಸಬಾರದು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಂಗ್ರಹಗಳಲ್ಲಿರಲಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ ಎಂಬುದು ಬಲ್ಲವರ ಸೂತ್ರ. ಒಂದೇ ಸೂರಿನ ಕೆಳಗಿರುವ ಮೂರು ಪ್ರತಿಗಳನ್ನೂ ಒಂದೇ ನೆರೆ, ಒಂದೇ ಬೆಂಕಿ ನಾಶಮಾಡಬಲ್ಲುದು. ಕಡತಗಳಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಅನಂತರ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ಎಷ್ಟನೆಯ ನಿಮಿಷದಲ್ಲಿ ಯಾರಿದ್ದಾರೆ, ಏನು ಮಾತನಾಡುತ್ತಿದ್ದಾರೆ ಎಂಬುದನ್ನು ಬರೆಯಬೇಕು. ಇದನ್ನು ಮನೆಯ ಹಿರಿಯರ ಜೊತೆಯಲ್ಲಿ ಕುಳಿತು ಮಾಡುವುದು ಉಚಿತ. ಚಪ್ಪರದ ಮೂಲೆಯಲ್ಲಿ ನಿಂತಿರುವ ಮುದುಕನ ಹೆಸರನ್ನು ಯಾವ ಗಣಕಯಂತ್ರವೂ ಹೇಳಲಾರದು. ಅದನ್ನು ಹೇಳಬಲ್ಲವರು ಇಂದು ಇದ್ದಾರೆ, ನಾಳೆ ಇಲ್ಲದಿರಬಹುದು.

ಹಿಂದೆ ಒಂದು ಟೇಪಿನಿಂದ ಇನ್ನೊಂದು ಟೇಪಿಗೆ ನಕಲು ಮಾಡುತ್ತ ಸಂಕಲನ ನಡೆಯುತ್ತಿತ್ತು. ನಕಲಿನಿಂದ ನಕಲಿಗೆ ಚಿತ್ರ ಮಸುಕಾಗುತ್ತಿತ್ತು. ಇಂದಿನ ಸಂಕಲನದಲ್ಲಿ ಮೂಲ ದೃಶ್ಯದ ಮೇಲೆ ಕತ್ತರಿಯಾಡುವುದೇ ಇಲ್ಲ. ಇಂತಹ ಕಡತದ ಇಷ್ಟನೆಯ ಚಿತ್ರದಿಂದ ಇಷ್ಟನೆಯ ಚಿತ್ರದವರೆಗೆ ತೋರಿಸು, ಆಮೇಲೆ ಇನ್ನೊಂದನ್ನು ತೋರಿಸು ಎಂಬ ಆದೇಶಗಳ ಪಟ್ಟಿಯನ್ನಷ್ಟೆ ತಂತ್ರಾಂಶವು ಬರೆದುಕೊಳ್ಳುತ್ತದೆ. ವೀರಗಲ್ಲಿನ ಶಿಲ್ಪಿಗೆ ಈ ಸೌಲಭ್ಯವಿರಲಿಲ್ಲ. ಅವನು ಕಡೆದೆಸೆದ ಚಕ್ಕೆ ಮತ್ತೆ ಕಲ್ಲಿಗೆ ಅಂಟುತ್ತಿರಲಿಲ್ಲ.

ಇಷ್ಟೊಂದು ಸೌಲಭ್ಯವಿದ್ದರೂ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಮೂರು ಗಂಟೆಯ ಮದುವೆಯ ದೃಶ್ಯವನ್ನು ಅರ್ಧ ಗಂಟೆಗೆ ಇಳಿಸಿ, ಸೊಗಸಾದ ಸಂಗೀತವನ್ನು ಸೇರಿಸಿ, ಇನ್ನು ಮೂಲದ ಹಂಗೇಕೆಂದು ಅದನ್ನು ಅಳಿಸಿಬಿಡುತ್ತಾರೆ. ಅಂತಹ ಒಂದು ಟೇಪಿನಲ್ಲಿ ಅಜ್ಜನೊಬ್ಬನು ಅಡುಗೆಯವರೊಡನೆ ಎಲೆಗಳ ಲೆಕ್ಕವನ್ನು ಕುರಿತು ಮಾತನಾಡುವ ಅರ್ಧ ನಿಮಿಷವಿತ್ತೆಂದು ಭಾವಿಸೋಣ. ಚಿತ್ರ ಅಲುಗಾಡಿದೆ, ಮಾತು ಸಾಮಾನ್ಯವಾದುದು; ಸಂಕಲಿಸುವವನು ಅದನ್ನು ಕೈಬಿಡುತ್ತಾನೆ. ಕಲೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ವರ್ಷಗಳು ಕಳೆದು ಅಜ್ಜನಿಲ್ಲದ ಮನೆಯಲ್ಲಿ ಅವನನ್ನು ಕಂಡರಿಯದ ಮೊಮ್ಮಗಳೊಬ್ಬಳು, ಅವನ ಧ್ವನಿ ಹೇಗಿತ್ತೆಂದು ಕೇಳಿದಾಗ, ಆ ಅರ್ಧ ನಿಮಿಷವಲ್ಲದೆ ಬೇರೆ ಉತ್ತರವಿಲ್ಲ. ಮೂಲವು ಉಳಿದಿದ್ದರೆ ಉತ್ತರವೂ ಉಳಿದಿರುತ್ತದೆ.

ಗಣಕಯಂತ್ರ ಹಳೆಯದಾದರೆ ಹೊಸದನ್ನು ಕೊಳ್ಳಬಹುದು. ಸಂಕಲನ ಕೆಟ್ಟರೆ ಮತ್ತೊಮ್ಮೆ ಮಾಡಬಹುದು. ನಡೆದುಹೋದ ದಿನವನ್ನು ಮತ್ತೆ ಚಿತ್ರೀಕರಿಸಲಾಗದು. ಆದುದರಿಂದ ಈ ಕೆಲಸಕ್ಕೆ ಮನಸ್ಸು ಮಾಡಿದವರು ಅಂಗಡಿಯ ಬಾಗಿಲಿಗೆ ಹೋಗುವ ಮೊದಲು ಮನೆಯ ಕಪಾಟಿನ ಬಾಗಿಲನ್ನು ತೆರೆಯಬೇಕು. ಅಲ್ಲಿ ಏನೇನಿದೆ, ಎಷ್ಟಿದೆ, ಯಾವುದು ಹಾಳಾಗುತ್ತಿದೆ ಎಂಬುದರ ಪಟ್ಟಿಯನ್ನು ಮಾಡಬೇಕು. ಎಂತಹ ಯಂತ್ರ ಬೇಕೆಂಬುದನ್ನು ಆ ಪಟ್ಟಿಯೇ ತಿಳಿಸುತ್ತದೆ.